ಮಾರಿದ ಮೇಲೂ ಉಳಿಯುವ ಮಾತು

ಬಟ್ಟೆಯಂಗಡಿಯಿರಲಿ, ಮಿಕ್ಸಿ ಮಾರುವ ಅಂಗಡಿಯಿರಲಿ, ಪಂಪ್‌ಸೆಟ್ಟಿನ ಅಂಗಡಿಯಿರಲಿ, ಕೈಗೆ ಬರುವ ಬಿಲ್ಲಿನ ಕೆಳತುದಿಯಲ್ಲಿ ಸಣ್ಣಕ್ಷರದ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಕೆಲವು ಕಡೆ ಗಲ್ಲಾದ ಹಿಂದಿನ ಗೋಡೆಗೂ ಇದೇ ಬೋರ್ಡು. ಓದುಬರಹ ಬಲ್ಲವರೂ ಇದನ್ನು ಕಾನೂನೆಂದೇ ನಂಬಿ, ಮೂರನೇ ದಿನಕ್ಕೆ ಕೆಟ್ಟ ಮಿಕ್ಸಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುವುದುಂಟು. ಇನ್ನು ಕೆಲವರು, ಈಗ ಗ್ರಾಹಕರ ಕಾಯಿದೆ ಬಂದಿದೆಯಲ್ಲ, ಸರ್ಕಾರ ನಮ್ಮ ಕೈಹಿಡಿಯುತ್ತದೆ ಎಂದು ಧೈರ್ಯ ತಂದುಕೊಳ್ಳುತ್ತಾರೆ. ಈ ಎರಡು ತಿಳಿವಳಿಕೆಗಳಲ್ಲೂ ಒಂದೇ ಕೊರತೆಯಿದೆ. ಮಾರಾಟವೆಂದರೆ ದುಡ್ಡು ಕೊಟ್ಟು ಮಾಲು ಪಡೆಯುವುದಷ್ಟೇ, ಅದರಾಚೆಗೆ ಏನು ಸಿಕ್ಕರೂ ಅದು ಮೇಲಿನವರ ಕೃಪೆ ಎಂದು ಇಬ್ಬರೂ ಭಾವಿಸಿದ್ದಾರೆ. ಮಾರುವವನು ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟಂತೆಯೇ ಆಗುವ ಕೆಲವು ಮಾತುಗಳು ಮಾರಾಟದ ಒಪ್ಪಂದದ ಒಳಗೇ ಇವೆ. ಆ ಮಾತುಗಳನ್ನು ನಡೆಸಿಕೊಡುವಂತೆ ಕೇಳಲು ಸಾಮಾನ್ಯರಿಗೊಂದು ದಾರಿ ತೆರೆದದ್ದು ಗ್ರಾಹಕರ ಕಾಯಿದೆ. ಅಲ್ಲಿ ನಾವು ಕೇಳುವುದು ನಮಗೆ ಬರಬೇಕಾದ ಬಾಕಿಯನ್ನು, ದಾನವನ್ನಲ್ಲ. ಇಂದಿನ ಮಾತುಗಳಲ್ಲಿ ಇದನ್ನು ಆಧಾರಸಹಿತ ತೋರಿಸಲು ಪ್ರಯತ್ನಿಸುತ್ತೇನೆ.

ನಮ್ಮಲ್ಲಿ ಸರಕುಗಳ ಮಾರಾಟಕ್ಕೆ ಇಂದಿಗೂ ಆಧಾರವಾಗಿರುವುದು 1930ರ ಸರಕು ಮಾರಾಟ ಕಾಯಿದೆ. ಅದಕ್ಕೂ ಮೊದಲು ಈ ನಿಯಮಗಳು 1872ರ ಕರಾರು ಕಾಯಿದೆಯ ಏಳನೇ ಅಧ್ಯಾಯದಲ್ಲಿದ್ದವು. ಇಂಗ್ಲೆಂಡಿನ 1893ರ ಕಾಯಿದೆಯ ಮಾದರಿಯಲ್ಲಿ ಅವುಗಳನ್ನು ಬೇರ್ಪಡಿಸಿ ಸ್ವತಂತ್ರ ಕಾಯಿದೆ ಮಾಡಿದರು. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಆ ಕಾಲದ ಮೂಲಸೂತ್ರ. ಇದರ ಸ್ವರೂಪ ತಿಳಿಯಬೇಕಾದರೆ ಕರಾರು ಕಾಯಿದೆಯ 17ನೇ ಕಲಮಿನ ಕೆಳಗೆ ಶಾಸನಕರ್ತರೇ ಕೊಟ್ಟಿರುವ ಉದಾಹರಣೆಯನ್ನು ನೋಡಬೇಕು. ಒಬ್ಬಾತ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಏನೋ ಊನವಿದೆಯೆಂದು ಅವನಿಗೆ ಗೊತ್ತು, ಆದರೂ ಬಾಯಿಬಿಡುವುದಿಲ್ಲ. ಇದು ಮೋಸವಲ್ಲ ಎನ್ನುತ್ತದೆ ಕಾಯಿದೆ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಮಾತ್ರ ಹೇಳಬೇಕಾದ್ದು ಅವನ ಕರ್ತವ್ಯ ಎಂದು ಮುಂದಿನ ಉದಾಹರಣೆ ಹೇಳುತ್ತದೆ. ಮಗಳಿಗೆ ಹೇಳಬೇಕಾದ ಸತ್ಯವನ್ನು ಪರರಿಗೆ ಹೇಳಬೇಕಿಲ್ಲ ಎಂಬ ಈ ನಿಲುವು ಇಂದು ಕಠೋರವಾಗಿ ಕೇಳಿಸಬಹುದು. ಆದರೆ ಅದು ಹುಟ್ಟಿದ ಸಂತೆಯನ್ನು ನೆನೆಯಬೇಕು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸಿ ವಯಸ್ಸು ತಿಳಿಯುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೋ ಎಂದು ಪರೀಕ್ಷಿಸುತ್ತಾನೆ, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಮಾರುವವನಿಗೆ ಗೊತ್ತಿರುವುದರಲ್ಲಿ ಬಹುಪಾಲು ಕೊಳ್ಳುವವನಿಗೂ ಗೊತ್ತಾಗುವಂಥ ವ್ಯಾಪಾರ ಅದು. ಅಲ್ಲಿ ಎಚ್ಚರದ ಹೊರೆಯನ್ನು ಕೊಳ್ಳುವವನ ಮೇಲೆ ಹಾಕಿದರೆ ಅನ್ಯಾಯವೇನೂ ಆಗುತ್ತಿರಲಿಲ್ಲ.

1930ರ ಕಾಯಿದೆಗೂ ಈ ಸೂತ್ರದ ಮಿತಿ ಗೊತ್ತಿತ್ತೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದರ 14ರಿಂದ 17ರವರೆಗಿನ ಕಲಮುಗಳು ಪ್ರತಿ ಮಾರಾಟದಲ್ಲೂ ಕೆಲವು ಅಂತರ್ಗತ ಷರತ್ತುಗಳನ್ನು ಸೇರಿಸುತ್ತವೆ. ಮಾರುವ ಹಕ್ಕು ಮಾರುವವನಿಗೆ ಇರಬೇಕು. ವಿವರಣೆ ಕೊಟ್ಟು ಮಾರಿದರೆ ಮಾಲು ಆ ವಿವರಣೆಗೆ ಹೊಂದಬೇಕು. ಮಾದರಿ ತೋರಿಸಿ ಮಾರಿದರೆ ಉಳಿದ ರಾಶಿಯೂ ಮಾದರಿಯಂತೆಯೇ ಇರಬೇಕು. ಇಂಥ ಕೆಲಸಕ್ಕೆ ಬೇಕು ಎಂದು ಕೊಳ್ಳುವವನು ತಿಳಿಸಿ, ಮಾರುವವನ ಅನುಭವವನ್ನು ನಂಬಿ ಕೊಂಡಿದ್ದರೆ ಮಾಲು ಆ ಕೆಲಸಕ್ಕೆ ಒದಗಬೇಕು. ಅದೇ ಬಗೆಯ ಮಾಲಿನ ವ್ಯಾಪಾರ ಮಾಡುವವನಿಂದ ವಿವರಣೆಯ ಮೇಲೆ ಕೊಂಡಿದ್ದರೆ, ಅದನ್ನು ತಯಾರಿಸಿದವನು ಅವನೇ ಆಗಿರಲಿ ಬಿಡಲಿ, ಮಾಲು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಈ ಕೊನೆಯ ಷರತ್ತಿಗೆ ಒಂದು ವಿನಾಯಿತಿಯೂ ಉಂಟು: ಕೊಳ್ಳುವವನು ಪರೀಕ್ಷಿಸಿಯೇ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾರುವವನು ಹೊಣೆಯಲ್ಲ. ಇದರ ಮರುಮುಖವನ್ನು ಸ್ವಲ್ಪ ಯೋಚಿಸಿ. ಪರೀಕ್ಷಿಸಿದರೂ ಕಾಣದ ದೋಷ, ಪರೀಕ್ಷಿಸಲು ಸಾಧ್ಯವೇ ಇಲ್ಲದ ಮಾಲು, ಇವೆರಡೂ ಮಾರುವವನ ಹೆಗಲಿಗೇ ಬರುತ್ತವೆ. ಸೀಲು ಮಾಡಿದ ಪೊಟ್ಟಣ, ಮೋಟಾರಿನೊಳಗಿನ ತಂತಿಸುತ್ತು, ಗುಳಿಗೆಯೊಳಗಿನ ಮದ್ದು, ಇವನ್ನೆಲ್ಲ ಹಲ್ಲೆಣಿಸಿ ಕೊಳ್ಳಲಾಗದು. ಮಾಲು ಮುಚ್ಚಿದಷ್ಟೂ ಮಾರುವವನ ಮಾತು ತೆರೆದುಕೊಳ್ಳಬೇಕೆಂಬ ನ್ಯಾಯ ಬ್ರಿಟಿಷರ ಕಾಲದ ಕಾಯಿದೆಯಲ್ಲೇ ಇತ್ತು.

ಹಾಗಿದ್ದರೂ ಜನರಿಗೆ ಅದರಿಂದ ಒದಗಿದ್ದು ಅಲ್ಪ. ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಒಂದು, ಅದೇ ಕಾಯಿದೆಯ 62ನೇ ಕಲಮು. ಕಾನೂನು ಸೇರಿಸಿದ ಈ ಹೊಣೆಗಳನ್ನು ಇಬ್ಬರೂ ಸ್ಪಷ್ಟವಾಗಿ ಒಪ್ಪಿ ತೆಗೆದುಹಾಕಬಹುದು ಎಂದು ಅದು ಹೇಳುತ್ತದೆ. ಇಬ್ಬರು ಸಗಟು ವರ್ತಕರ ನಡುವೆ ಈ ಸ್ವಾತಂತ್ರ್ಯಕ್ಕೆ ಅರ್ಥವಿದೆ. ಅಚ್ಚುಹಾಕಿಸಿದ ಫಾರಂ ಮುಂದಿಟ್ಟು ಇಲ್ಲಿ ಸಹಿ ಹಾಕಿ ಎನ್ನುವ ಕಂಪನಿಗೂ ಅದನ್ನು ಓದಲೂ ಪುರುಸೊತ್ತಿಲ್ಲದ ಕೊಳ್ಳುವವನಿಗೂ ನಡುವೆ ಅದು ಕಂಪನಿಯ ಸ್ವಾತಂತ್ರ್ಯವಷ್ಟೇ ಆಗುತ್ತದೆ. ಎರಡನೆಯದು ಸಿವಿಲ್ ಕೋರ್ಟಿನ ಹಾದಿ. ಎರಡು ಸಾವಿರದ ಮಿಕ್ಸಿಗೆ ವಕೀಲರ ಫೀಜು, ಕೋರ್ಟು ಶುಲ್ಕ, ವರ್ಷಗಟ್ಟಲೆ ವಾಯಿದೆ ಎಂದರೆ ಯಾರು ಹೋದಾರು? ಮೂರನೆಯದು, ಮಾಲನ್ನು ಒಮ್ಮೆ ಸ್ವೀಕರಿಸಿದ ಮೇಲೆ ಸಾಮಾನ್ಯವಾಗಿ ಅದನ್ನು ಹಿಂದಿರುಗಿಸುವ ಹಕ್ಕು ಹೋಗಿ ನಷ್ಟ ಕೇಳುವ ಹಕ್ಕಷ್ಟೇ ಉಳಿಯುತ್ತದೆ. ಹಕ್ಕು ಪುಸ್ತಕದಲ್ಲಿತ್ತು, ಅದನ್ನು ಕೈಗೆ ತಲುಪಿಸುವವರು ಇರಲಿಲ್ಲ.

1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕರ ಸಂರಕ್ಷಣಾ ಕಾಯಿದೆ ಬಂದದ್ದು ಈ ಬಿರುಕಿಗೆ. ಅದರ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಎರಡೂ ಕಾಯಿದೆಗಳು ದೋಷ ಎಂದರೇನೆಂದು ಹೇಳುವ ರೀತಿಯನ್ನು ನೋಡಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಡ. ಗುಣಮಟ್ಟ, ಪ್ರಮಾಣ, ಶಕ್ತಿ, ಶುದ್ಧತೆಗಳಲ್ಲಿ ಯಾವುದೇ ಕಾನೂನಿನ ಪ್ರಕಾರ ಇರಬೇಕಾದ ಮಟ್ಟ, ಇಲ್ಲವೇ ಸ್ಪಷ್ಟವಾಗಿ ಹೇಳಿದ ಅಥವಾ ಅಂತರ್ಗತವಾದ ಒಪ್ಪಂದದ ಪ್ರಕಾರ ಇರಬೇಕಾದ ಮಟ್ಟ, ಇಲ್ಲವೇ ವ್ಯಾಪಾರಿ ತಾನಾಗಿ ಹೇಳಿಕೊಂಡ ಮಟ್ಟ, ಅದಕ್ಕೆ ಮಾಲು ಕಡಿಮೆ ಬಿದ್ದರೆ ಅದೇ ದೋಷ. ಹೊಸ ಕಾಯಿದೆ ಹಳೆಯ ಒಪ್ಪಂದವನ್ನೇ ಅಳತೆಗೋಲಾಗಿ ಹಿಡಿದಿದೆ. ಬದಲಾದದ್ದು ಪರಿಹಾರದ ಬಗೆ. ದೋಷ ಸರಿಪಡಿಸಿಕೊಡಿ, ಹೊಸದನ್ನು ಕೊಡಿ, ಹಣ ಹಿಂದಿರುಗಿಸಿ, ನಷ್ಟ ತುಂಬಿಕೊಡಿ, ಇವುಗಳಲ್ಲಿ ಪ್ರಕರಣಕ್ಕೆ ತಕ್ಕದ್ದನ್ನು ಗ್ರಾಹಕರ ದೂರುಗಳನ್ನು ಕೇಳುವ ಜಿಲ್ಲಾ ಆಯೋಗ (ಮೊದಲಿನ ಹೆಸರು ವೇದಿಕೆ) ಆದೇಶಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಅಂಗಡಿ ಎಲ್ಲೇ ಇರಲಿ, ಕೊಂಡವರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ.

ಮಾರಾಟದ ಕಾನೂನು ಮತ್ತು ಗ್ರಾಹಕರ ಕಾನೂನು ಒಂದರ ಕೈಯನ್ನೊಂದು ಹೇಗೆ ಹಿಡಿಯುತ್ತವೆಂಬುದನ್ನು ಬಿತ್ತನೆ ಬೀಜದಷ್ಟು ಚೆನ್ನಾಗಿ ತೋರಿಸುವ ಸರಕು ಇನ್ನೊಂದಿಲ್ಲ. ಮುಂಗಾರಿನ ಹದ ಬಿದ್ದ ಕೂಡಲೇ ರಾಣೆಬೆನ್ನೂರಿನ ಅಂಗಡಿ ಸಾಲಿನಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ರೈತ ಬೀಜದ ಚೀಲ ಕೊಳ್ಳುತ್ತಾನೆ. ಚೀಲದ ಬಾಯಿ ಹೊಲಿದಿದೆ, ಅದಕ್ಕೊಂದು ಚೀಟಿ. ಚೀಟಿಯಲ್ಲಿ ತಳಿಯ ಹೆಸರು, ಲಾಟ್ ನಂಬರು, ಮೊಳಕೆಯ ಶೇಕಡಾ ಪ್ರಮಾಣ, ಶುದ್ಧತೆ. ಬಿಚ್ಚಿ ಅಂಗೈಗೆ ಸುರಿದುಕೊಂಡರೂ ತಳಿ ಇದೇ ಹೌದೇ ಎಂದು ಯಾವ ಕಣ್ಣಿಗೂ ತಿಳಿಯದು. ಬೀಜ ತನ್ನ ಗುಣವನ್ನು ತೋರಿಸುವುದು ಮೂರು ನಾಲ್ಕು ತಿಂಗಳ ಮೇಲೆ, ತೆನೆ ಕಟ್ಟುವಾಗ, ಕಾಯಿ ಕಚ್ಚುವಾಗ. ಅಷ್ಟು ಹೊತ್ತಿಗೆ ಕೊಂಡ ಸರಕು ಮಣ್ಣಿನಲ್ಲಿ ಕರಗಿಹೋಗಿರುತ್ತದೆ, ಹಿಂದಿರುಗಿಸಲು ಉಳಿದಿರುವುದಿಲ್ಲ. ನಷ್ಟವೂ ಚೀಲದ ಬೆಲೆಗೆ ನಿಲ್ಲುವುದಿಲ್ಲ. ಗೊಬ್ಬರ, ಕೂಲಿ, ಬಡ್ಡಿ, ಎಲ್ಲಕ್ಕಿಂತ ಹೆಚ್ಚಾಗಿ ಇಡೀ ಒಂದು ಹಂಗಾಮು ಕೈಬಿಟ್ಟಿರುತ್ತದೆ. ಪೂರ್ತಿ ವಿವರಣೆಯ ನಂಬಿಕೆಯ ಮೇಲೆ ನಡೆಯುವ ಮಾರಾಟ ಇದು. ಆ ಚೀಟಿಯೇ ಮಾರುವವನ ಮಾತು.

ಇಂಥದೇ ವ್ಯಾಜ್ಯವೊಂದು ಆಗಿನ ಆಂಧ್ರಪ್ರದೇಶದ ರೈತರಿಂದ ಹೊರಟು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎದುರಿಗಿದ್ದದ್ದು ಕೇಂದ್ರ ಸರ್ಕಾರದ ಒಡೆತನದ ರಾಷ್ಟ್ರೀಯ ಬೀಜ ನಿಗಮ. ಬೀಜಕ್ಕೆಂದೇ 1966ರ ಬೀಜ ಕಾಯಿದೆ ಇರುವಾಗ ಗ್ರಾಹಕರ ವೇದಿಕೆಗೆ ಏನು ಕೆಲಸ ಎಂದು ನಿಗಮ ಕೇಳಿತು. ರೈತರು ಬೆಳೆ ಮಾರಿ ಲಾಭ ಮಾಡುವವರು, ಅವರದು ವಾಣಿಜ್ಯ ಉದ್ದೇಶ, ಆದ್ದರಿಂದ ಗ್ರಾಹಕರಲ್ಲ ಎಂದಿತು. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸದೆ ದೋಷ ಹೇಗೆ ಹೇಳಿದಿರಿ ಎಂದೂ ವಾದಿಸಿತು. 2012ರ ಜನವರಿಯಲ್ಲಿ ಬಂದ ತೀರ್ಪು ಮೂರನ್ನೂ ತಳ್ಳಿಹಾಕಿತು. ಬೀಜ ಕಾಯಿದೆಯಲ್ಲಿ ಶಿಕ್ಷೆ ಇದೆ, ಆದರೆ ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರದ ಏರ್ಪಾಡಿಲ್ಲ. ಶಿಕ್ಷೆಯಾದರೂ ಎಷ್ಟು? ಮೊದಲ ಅಪರಾಧಕ್ಕೆ ಐನೂರು ರೂಪಾಯಿವರೆಗಿನ ದಂಡ, ಅದೂ ಸರ್ಕಾರದ ಬೊಕ್ಕಸಕ್ಕೆ. ಗ್ರಾಹಕರ ಕಾಯಿದೆ ಉಳಿದ ಕಾನೂನುಗಳ ಜೊತೆಗೆ ನಡೆಯುವಂಥದು, ಅವುಗಳನ್ನು ಅಳಿಸುವಂಥದಲ್ಲ ಎಂದು ಆ ಕಾಯಿದೆಯೇ ಹೇಳಿಕೊಂಡಿದೆ. ಮಾದರಿಯ ಮಾತಿಗೆ ನ್ಯಾಯಾಲಯ ಕೊಟ್ಟ ಉತ್ತರ ಹೊಲವನ್ನು ಬಲ್ಲವರ ಉತ್ತರ: ಕೊಂಡ ಬೀಜವನ್ನೆಲ್ಲ ರೈತ ಬಿತ್ತಿಬಿಡುತ್ತಾನೆ, ಮುಂದೆ ಜಗಳ ಬಂದೀತೆಂದು ಮೊದಲೇ ಊಹಿಸಿ ಒಂದು ಹಿಡಿ ತೆಗೆದಿಡು ಎಂದು ಅವನಿಗೆ ಹೇಳಲಾಗದು. ಅಷ್ಟಕ್ಕೂ ಮಾರಿದ ಪ್ರತಿ ಲಾಟಿನ ದಾಖಲೆ ಇಡಬೇಕಾದ ಹೊಣೆಯನ್ನು ಬೀಜ ನಿಯಮಗಳು ಮಾರುವವರ ಮೇಲೆಯೇ ಹಾಕಿವೆ. ಸರಕನ್ನು ಪರೀಕ್ಷಿಸುವ ಸಾಮರ್ಥ್ಯ ಯಾರಿಗಿದೆಯೋ ಪುರಾವೆ ಒದಗಿಸುವ ಹೊರೆಯಲ್ಲೂ ಅವರಿಗೆ ಪಾಲಿದೆ ಎಂದು ನಾನು ಈ ತೀರ್ಪನ್ನು ಅರ್ಥ ಮಾಡಿಕೊಂಡಿದ್ದೇನೆ. ಮಾರಾಟದ ಒಪ್ಪಂದದ ಒಳಗಿದ್ದ ಮಾತಿಗೆ ಇಷ್ಟು ದೊಡ್ಡ ಬಲ ಬಂದದ್ದು ಗ್ರಾಹಕರ ವೇದಿಕೆಯ ಮೂಲಕ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಇಬ್ಬರು ವಯಸ್ಕರು ಒಪ್ಪಿ ಮಾಡಿದ ಕರಾರಿನಲ್ಲಿ ಮೂರನೆಯವರು ಕೈಹಾಕುವುದು ಸರಿಯೇ, ವಾಪಸಿಲ್ಲ ಎಂದು ಬರೆದದ್ದನ್ನು ನೋಡಿಯೇ ಕೊಂಡ ಮೇಲೆ ಮಾತು ತಪ್ಪಿದವರು ಯಾರು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಮಾರಾಟದ ಕಾನೂನಿನಲ್ಲೇ ಇದೆ. ಬೆಲೆ ಒಪ್ಪಿ ಹಣ ಕೊಟ್ಟು ಮಾಲು ಪಡೆದಾಗಲೇ ಕರಾರು ಮುಗಿದಿರುತ್ತದೆ, ಬಿಲ್ಲು ಬರುವುದು ಆಮೇಲೆ. ಆಮೇಲೆ ಬಂದ ಕಾಗದದ ಸಾಲು ಮೊದಲೇ ಆದ ಒಪ್ಪಂದದ ಭಾಗವಾಗುವುದು ಹೇಗೆ? 62ನೇ ಕಲಮು ಕೇಳುವುದು ಸ್ಪಷ್ಟ ಒಪ್ಪಂದವನ್ನೋ ಇಬ್ಬರನ್ನೂ ಕಟ್ಟುವ ವ್ಯವಹಾರದ ರೂಢಿಯನ್ನೋ, ಒಬ್ಬರ ಪ್ರಕಟಣೆಯನ್ನಲ್ಲ. ಇದರ ಮೇಲೆ 2019ರ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿದೆ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ ಮೂವತ್ತು ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಸಾರಿದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಸೀರೆಯ ಬಣ್ಣ ಮನೆಗೆ ಹೋದ ಮೇಲೆ ಮನಸ್ಸಿಗೆ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಅಂಥಾಗ ಬದಲಾಯಿಸಿ ಕೊಡುವುದು ಅಂಗಡಿಯವರ ಸೌಜನ್ಯ. ಒಗೆದ ಮೊದಲ ದಿನವೇ ಬಣ್ಣ ಬಿಟ್ಟು, ಬಣ್ಣ ಹೋಗುವುದಿಲ್ಲ ಎಂದು ಅಂಗಡಿಯವರು ಹೇಳಿದ ಮಾತು ಸುಳ್ಳಾದರೆ ಅದು ದೋಷ.

ಚಿಕ್ಕ ಅಂಗಡಿಯವರ ಪರವಾಗಿ ಬರುವ ಆಕ್ಷೇಪ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಬೀದಿ ಮೂಲೆಯ ಕಿರಾಣಿಯವರೂ ಸೀಲಾದ ಪೊಟ್ಟಣದೊಳಗೆ ಇಣುಕಲಾರರು. ಕಂಪನಿ ಮಾಡಿದ ತಪ್ಪಿಗೆ ಅವರೇಕೆ ದಂಡ ತೆರಬೇಕು? ಮೊದಲನೆಯದಾಗಿ, ಅವರೂ ಒಬ್ಬ ಕೊಳ್ಳುವವರೇ. ಡೀಲರಿನಿಂದ ಅವರು ಕೊಂಡಾಗಲೂ ಅದೇ ಅಂತರ್ಗತ ಷರತ್ತುಗಳು ಅವರ ಪರವಾಗಿ ಇರುತ್ತವೆ, ಖರೀದಿಯ ಬಿಲ್ಲು ಇಟ್ಟುಕೊಂಡಿದ್ದರೆ ಹೊರೆಯನ್ನು ಮೇಲಕ್ಕೆ ದಾಟಿಸಬಹುದು. ಎರಡನೆಯದಾಗಿ, ಉತ್ಪನ್ನದ ದೋಷದಿಂದ ಆದ ಹಾನಿಗೆ ತಯಾರಕನನ್ನೇ ನೇರವಾಗಿ ಹೊಣೆ ಮಾಡುವ ಪ್ರತ್ಯೇಕ ಅಧ್ಯಾಯ 2019ರ ಕಾಯಿದೆಯಲ್ಲಿದೆ. ಅಂಗಡಿಯವರು ಮಾಲನ್ನು ತಾವೇ ಬದಲಿಸಿದ್ದರೆ, ತಾವಾಗಿ ಬೇರೆ ಭರವಸೆ ಕೊಟ್ಟಿದ್ದರೆ, ತಯಾರಕ ಯಾರೆಂದೇ ಗೊತ್ತಿರದಿದ್ದರೆ, ಇಂಥ ಸಂದರ್ಭಗಳಲ್ಲಿ ಮಾತ್ರ ಆ ಹಾನಿ ಅವರ ತಲೆಗೆ ಬರುತ್ತದೆ. ಆದರೆ ದೊಡ್ಡ ಶೋರೂಮುಗಳು ಇದೇ ಮಾತನ್ನು ನೆಪವಾಗಿ ಬಳಸಿ, ನಮ್ಮದೇನಿಲ್ಲ, ಸರ್ವಿಸ್ ಸೆಂಟರಿಗೆ ಹೋಗಿ ಎಂದು ಕೈತೊಳೆದುಕೊಳ್ಳುವುದನ್ನು ಒಪ್ಪಲಾಗದು. ಹಣ ಎಣಿಸಿಕೊಂಡವರು ಅವರು, ಮಾರಾಟದ ಕರಾರು ಅವರೊಂದಿಗೆ ಆದದ್ದು. ಕಂಪನಿಯ ಗ್ಯಾರಂಟಿ ಕಾರ್ಡು ಆ ಕರಾರಿನ ಮೇಲೆ ಸೇರಿದ ಹೆಚ್ಚಿನ ಭರವಸೆ, ಕರಾರಿಗೆ ಬದಲಿಯಲ್ಲ. ಕಾರ್ಡಿಗೆ ಮೊಹರು ಬಿದ್ದಿಲ್ಲವೆಂದು ಮಾರಾಟದ ಹೊಣೆ ಅಳಿಯುವುದಿಲ್ಲ.

ಕಾಯಿದೆ ಹೀಗೆ ಕೊಳ್ಳುವವರತ್ತ ವಾಲಿದರೆ ಬೇಜವಾಬ್ದಾರಿ ಬೆಳೆಯುತ್ತದೆ, ಸುಳ್ಳು ದೂರುಗಳು ಹೆಚ್ಚುತ್ತವೆ ಎಂಬ ಭಯವನ್ನೂ ನೋಡೋಣ. ದೋಷವಿದೆ ಎಂದು ತೋರಿಸುವ ಭಾರ ಮೊದಲಿಗೆ ದೂರುದಾರರದೇ. ಬೀಜದ ಪ್ರಕರಣಗಳಲ್ಲೇ ಇದು ಕಾಣುತ್ತದೆ. ಹರಿಯಾಣದ ಬೀಜ ನಿಗಮಕ್ಕೆ ಸಂಬಂಧಿಸಿದ ಇನ್ನೊಂದು ವ್ಯಾಜ್ಯದಲ್ಲಿ, ಬೆಳೆ ಸರಿಬರಲಿಲ್ಲ ಎಂದಷ್ಟಕ್ಕೇ ಬೀಜ ಕೆಟ್ಟದ್ದೆಂದು ಹೇಳಲಾಗದು, ಬೇರೆ ಕಾರಣಗಳೂ ಇರಬಹುದು ಎಂದು ಸುಪ್ರೀಂ ಕೋರ್ಟು ದೂರನ್ನು ಒಪ್ಪಲಿಲ್ಲ. ಹಾಗಾಗಿ ಚೀಟಿ, ಚೀಲ, ಬಿಲ್ಲುಗಳನ್ನು ಜೋಪಾನ ಮಾಡುವುದು, ಬೆಳೆ ಹೊಲದಲ್ಲಿರುವಾಗಲೇ ಕೃಷಿ ಅಧಿಕಾರಿಗಳನ್ನು ಕರೆಸಿ ಪರಿಶೀಲನಾ ವರದಿ ಬರೆಸುವುದು ರೈತನ ಪಾಲಿನ ಎಚ್ಚರ. ಎಲ್ಲ ಕೊಳ್ಳುವವರೂ ಗ್ರಾಹಕರಲ್ಲ ಎಂಬ ಗೆರೆಯನ್ನೂ ಕಾಯಿದೆ ಎಳೆದಿದೆ. 1995ರ ಲಕ್ಷ್ಮೀ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ವಿವರಿಸಿತು. ಆಟೋ ಕೊಂಡು ತಾನೇ ಓಡಿಸಿ ಹೊಟ್ಟೆ ಹೊರೆಯುವವನು ಗ್ರಾಹಕ, ದೊಡ್ಡ ಪ್ರಮಾಣದಲ್ಲಿ ಲಾಭಕ್ಕಾಗಿ ಯಂತ್ರ ಹಾಕಿಸಿದ ಉದ್ದಿಮೆ ಗ್ರಾಹಕನಲ್ಲ. ಆ ಉದ್ದಿಮೆಗೆ ಉಳಿಯುವುದು ಸಿವಿಲ್ ಕೋರ್ಟು ಮತ್ತು 1930ರ ಕಾಯಿದೆ. ಸರಕು ಮಾರಾಟ ಕಾಯಿದೆ ಹಳತಾಯಿತು, ಇನ್ನು ಅದರ ಕೆಲಸವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಆಯೋಗಗಳೂ ತಡಮಾಡುತ್ತವೆ ಎಂಬ ದೂರಿಗೆ ನನ್ನಲ್ಲಿ ಸಮರ್ಥನೆಯಿಲ್ಲ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳಿದರೂ ಎಷ್ಟೋ ಪ್ರಕರಣಗಳು ಆ ಗಡುವನ್ನು ದಾಟಿ ಎಳೆಯುತ್ತವೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಕೊರತೆ ಇನ್ನೊಂದಿದೆ. ಏಕಪಕ್ಷೀಯ ಕರಾರುಗಳ ವಿಷಯದಲ್ಲಿ ಕಾನೂನು ಮಾಡಿ ಎಂದು ಭಾರತೀಯ ಕಾನೂನು ಆಯೋಗ ತನ್ನ 103ನೇ ವರದಿಯಲ್ಲಿ ಹೇಳಿದ್ದು 1984ರಲ್ಲಿ. ಇಂಗ್ಲೆಂಡು ತನ್ನ ಮಾರಾಟದ ಕಾಯಿದೆಗೆ ಇಂಥ ತಿದ್ದುಪಡಿಯನ್ನು 1973ರಲ್ಲೇ ತಂದಿತ್ತು, ನಾವು ಅದೇ ಮೂಲದಿಂದ ತೆಗೆದುಕೊಂಡ 62ನೇ ಕಲಮು ಹಾಗೇ ಉಳಿಯಿತು. ಅನ್ಯಾಯದ ಒಪ್ಪಂದ ಎಂಬ ಪರಿಕಲ್ಪನೆ ನಮ್ಮ ಗ್ರಾಹಕರ ಕಾಯಿದೆಗೆ ಬಂದದ್ದು 2019ರಲ್ಲಿ. ಮಿತಿಮೀರಿದ ಠೇವಣಿ, ತಪ್ಪಿಗೆ ಹೊಂದದ ದಂಡ, ಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಅಧಿಕಾರ, ಇಂಥ ಷರತ್ತುಗಳನ್ನು ಈಗ ಪ್ರಶ್ನಿಸಬಹುದು. ಆದರೆ ಪ್ರಶ್ನಿಸುವುದೆಲ್ಲಿ? ಅನ್ಯಾಯದ ಒಪ್ಪಂದದ ದೂರನ್ನು ಕೇಳುವ ಅಧಿಕಾರವನ್ನು ಕಾಯಿದೆ ಕೊಟ್ಟಿರುವುದು ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ, ಜಿಲ್ಲಾ ಆಯೋಗಕ್ಕಲ್ಲ. ಕಂತಿನಲ್ಲಿ ಫ್ರಿಜ್ ಕೊಂಡ ಬೀದರಿನ ಗೃಹಿಣಿ ಮಾಲಿನ ದೋಷಕ್ಕೆ ತನ್ನ ಜಿಲ್ಲೆಯಲ್ಲೇ ನ್ಯಾಯ ಕೇಳಬಹುದು. ಅದೇ ಫ್ರಿಜ್ಜಿನ ಕರಾರಿನಲ್ಲಿ ಅಡಗಿರುವ ಅನ್ಯಾಯದ ಷರತ್ತನ್ನು ತೆಗೆಸಬೇಕಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಆನ್‌ಲೈನಿನಲ್ಲಿ ದೂರು ಸಲ್ಲಿಸುವ ಸೌಲಭ್ಯ ಈ ದೂರವನ್ನು ಸ್ವಲ್ಪ ಕಡಿಮೆ ಮಾಡಿದೆ ನಿಜ. ಹಾಗಿದ್ದರೂ ಮಾಲನ್ನೂ ಕರಾರನ್ನೂ ಬೇರೆ ಬೇರೆ ಬಾಗಿಲಿಗೆ ಒಯ್ಯಿರಿ ಎನ್ನುವುದು ಮಾರಾಟವನ್ನು ಎರಡಾಗಿ ಸೀಳಿದಂತೆ. ಸಂಸತ್ತು 2019ರ ಕಾಯಿದೆಯನ್ನು ತಿದ್ದಿ ಜಿಲ್ಲಾ ಆಯೋಗಕ್ಕೂ ಆ ಅಧಿಕಾರ ಕೊಡಬೇಕು, ಅದರ ಜೊತೆಗೆ 1930ರ ಕಾಯಿದೆಯ 62ನೇ ಕಲಮಿಗೆ, ಗ್ರಾಹಕರಿಗೆ ಮಾಡುವ ಮಾರಾಟಗಳಿಗೆ ಇದು ಅನ್ವಯಿಸದು ಎಂಬ ಒಂದು ಸಾಲನ್ನೂ ಸೇರಿಸಬೇಕು.